ಇಂಗ್ರಿಡಮ್ಮನ ಊರಿನಲ್ಲಿ ಆರು ಸುತ್ತು

ನಾನು ಜರ್ಮನಿಗೆ ಹೋದದ್ದು ಓಡುವುದಕ್ಕಲ್ಲ, ಒಂದು ಮೆಷಿನ್ನಿನ ರಿಪೇರಿ ಕಲಿಯುವುದಕ್ಕೆ. ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಪ್ಲಾಸ್ಟಿಕ್ ಕರಗಿಸಿ ಕಾರಿನ ಬಿಡಿಭಾಗ ತಯಾರಿಸುವ ಹೊಸ ಮೆಷಿನ್ ಬರುವುದಿತ್ತು. ಅದು ಕೆಟ್ಟರೆ ಬಿಚ್ಚಿ ಜೋಡಿಸಲು ನಮ್ಮವನೇ ಒಬ್ಬ ಇರಲಿ ಎಂದು ಕಂಪನಿಯವರು ನನ್ನನ್ನು ಮೂರು ವಾರಕ್ಕೆ ಆ ಮೆಷಿನ್ ಹುಟ್ಟಿದ ಊರಿಗೇ ಕಳಿಸಿದರು. ಐವತ್ತೊಂದು ವರ್ಷ ವಯಸ್ಸು, ಬೆಲ್ಟಿನ ಮೇಲೆ ಬಂದು ಕೂತ ಹೊಟ್ಟೆ, ಚಳಿಗೆ ಹಿಡಿದುಕೊಳ್ಳುವ ಬಲ ಮಂಡಿ. ಇಂಥ ನಾನು ಅಲ್ಲಿ ಒಂದು ಭಾನುವಾರ ನೇರಳೆ ಬಣ್ಣದ ಹೆಂಗಸರ ಶೂ ಹಾಕಿಕೊಂಡು ಕೆರೆ ಸುತ್ತ ಓಡಿದೆ. ಊರಿನಲ್ಲಿ ಕೇಳಿದವರಿಗೆಲ್ಲ ಈ ಕಥೆಯನ್ನು ತುಂಡು ತುಂಡಾಗಿ ಹೇಳಿದ್ದೇನೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಇಳಿದ ದಿನ

ನಲ್ಲೂರಿನ ಹುಣಸೆ ತೋಪಿನಿಂದ ನಮ್ಮ ಮನೆ ನಡೆದು ಹೋಗುವಷ್ಟು ದೂರ. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ವಿಮಾನಗಳು ನಮ್ಮ ಹೊಲದ ಮೇಲೇ ಹಾರುತ್ತವೆ. ನಮ್ಮ ದನಗಳು ಕೂಡ ಅವನ್ನು ತಲೆಯೆತ್ತಿ ನೋಡುವುದನ್ನು ಬಿಟ್ಟಿವೆ. ನಾನು ಅದರೊಳಗೆ ಕೂತದ್ದು ಮಾತ್ರ ಇದೇ ಮೊದಲು. ನನ್ನ ಹೆಂಡತಿ ಭಾಗ್ಯ ಪೆಟ್ಟಿಗೆಯಲ್ಲಿ ನನ್ನ ಬಟ್ಟೆಗಿಂತ ಹೆಚ್ಚಾಗಿ ರಾಗಿ ಹಿಟ್ಟು, ಹುರುಳಿಕಾಳು, ಒಣಮೆಣಸಿನಕಾಯಿ ತುಂಬಿದ್ದಳು.

ನಾನಿಳಿದದ್ದು ಜರ್ಮನಿಯ ದಕ್ಷಿಣಕ್ಕೆ, ಗುಡ್ಡಗಳ ನಡುವಿನ ಸಣ್ಣ ಊರಿಗೆ. ಸಂಜೆ ಆರಕ್ಕೆಲ್ಲ ಬೀದಿ ಖಾಲಿ. ಊರಿಗೆ ಊರೇ ಯಾವುದೋ ಮದುವೆಗೆ ಹೋಗಿರಬೇಕು ಅಂದುಕೊಂಡೆ. ರಸ್ತೆ ದಾಟುವ ಕಡೆ ಕೆಂಪು ದೀಪ ಹತ್ತಿತ್ತು. ಈ ಕಡೆ ಆ ಕಡೆ ಒಂದು ಸೈಕಲ್ಲೂ ಇರಲಿಲ್ಲ. ನಾಯಿ ಹಿಡಿದುಕೊಂಡು ಒಬ್ಬ ಹೆಂಗಸು ಸುಮ್ಮನೆ ನಿಂತಿದ್ದಳು. ನಾನು ದಾಟಿಬಿಟ್ಟೆ. ಆಕೆ ಹಿಂದಿನಿಂದ ಗಟ್ಟಿಯಾಗಿ ಏನೋ ಅಂದಳು. ಭಾಷೆ ತಿಳಿಯದಿದ್ದರೂ ಬೈದದ್ದು ತಿಳಿಯಿತು. ಹೊಸಕೋಟೆ ಸರ್ಕಲ್ಲಿನಲ್ಲಿ ಹಸಿರು ದೀಪವನ್ನೂ ನಂಬಿ ದಾಟುವಂತಿಲ್ಲ. ಇಲ್ಲಿ ನಾಯಿ ಸಹ ಕೆಂಪು ದೀಪಕ್ಕೆ ಕಾಯುತ್ತಿತ್ತು.

ನನಗೆ ಬಾಡಿಗೆಗೆ ಗೊತ್ತು ಮಾಡಿದ್ದು ಇಂಗ್ರಿಡ್ ಎಂಬ ಎಪ್ಪತ್ತು ದಾಟಿದವರ ಮನೆಯ ಮೇಲಿನ ಕೋಣೆ. ಗಂಡ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರಾದ್ದರಿಂದ ನನ್ನಂಥ ವಿದ್ಯಾರ್ಥಿಗಳ ಅಭ್ಯಾಸ ಅವರಿಗಿತ್ತು. ನಿಧಾನವಾಗಿ, ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದರು. ಅಷ್ಟು ದೊಡ್ಡವರನ್ನು ಬರೀ ಹೆಸರಿನಿಂದ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಇಂಗ್ರಿಡಮ್ಮ ಎಂದೆ. ಅದು ಅವರಿಗೆ ಇಷ್ಟವಾಯಿತು.

ಒಗ್ಗರಣೆಯ ಶನಿವಾರ

ನಾಲ್ಕು ದಿನ ಬ್ರೆಡ್ಡು ಚೀಸಿನಲ್ಲಿ ಕಳೆದೆ. ಶನಿವಾರ ಮಧ್ಯಾಹ್ನ ತಡೆಯಲಾರದೆ ಮುದ್ದೆ ತೊಳಸಿ, ಹುರುಳಿಕಾಳಿನ ಸಾರಿಗೆ ಒಗ್ಗರಣೆ ಇಟ್ಟೆ. ಸಾಸಿವೆ ಸಿಡಿಯಿತು, ಬೆಳ್ಳುಳ್ಳಿ ಹಾಕಿದೆ, ಮೆಣಸಿನಕಾಯಿ ಹಾಕಿದೆ. ಅಷ್ಟರಲ್ಲಿ ಸೂರಿನಲ್ಲಿದ್ದ ಬಿಳಿ ಡಬ್ಬಿಯೊಂದು ಕಿರುಚತೊಡಗಿತು. ಹೊಗೆ ಕಂಡರೆ ಕೂಗುವ ಅಲಾರಂ. ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದಾಗ ಇಂಗ್ರಿಡಮ್ಮ ಕೆಮ್ಮುತ್ತ ಓಡಿಬಂದರು.

"ಬೆಂಕಿಯಾ?" ಎಂದರು.

"ಬೆಂಕಿ ಅಲ್ಲ ಮೇಡಂ. ಒಗ್ಗರಣೆ," ಎಂದೆ. ಆ ಪದಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇರಲಿಲ್ಲ.

ಅವರು ಕಿಟಕಿಗಳನ್ನೆಲ್ಲ ತೆಗೆದು, ಕಣ್ಣೊರೆಸಿಕೊಂಡು, ಪಾತ್ರೆಗೆ ಮೂಗು ಚಾಚಿ ನೋಡಿ ನಕ್ಕರು. ಊಟಕ್ಕೆ ಕೂತರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ತುತ್ತನ್ನು ಮೇಕೆಯ ಹಾಗೆ ಬಹಳ ಹೊತ್ತು ಅಗಿದರು. ಸಾರು ಮಾತ್ರ ಎರಡು ಸಲ ಬಡಿಸಿಕೊಂಡರು.

ಅಲಾರಂ ಮತ್ತೆ ಕೂಗಿತು.

"ಅದನ್ನು ನೀವೇ ತೆಗೆಯಿರಿ," ಎಂದರು. "ನನ್ನ ಈ ತೋಳು ಪೂರ್ತಿ ಮೇಲೇಳುವುದಿಲ್ಲ. ಒಂಬತ್ತು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿತ್ತು."

ನೆಗಡಿ ಆಗಿತ್ತು ಅನ್ನುವಂತೆ ಹೇಳಿ ಮತ್ತೆ ಸಾರಿಗೆ ಚಮಚ ಹಾಕಿದರು. ನನ್ನ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಅವರು ಫೋನಿನಲ್ಲಿದ್ದ ಭಾಗ್ಯಳ ಫೋಟೋ ನೋಡಿ, ನಿಮ್ಮ ಹೆಂಡತಿ ಹೇಗಿದ್ದಾರೆ ಎಂದು ಕೇಳಿದರು. "ಚೆನ್ನಾಗಿದ್ದಾಳೆ, ಏನೂ ತೊಂದರೆಯಿಲ್ಲ," ಎಂದೆ.

ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತು ಅದು. ನಾಲ್ಕು ವರ್ಷದ ಹಿಂದೆ ಭಾಗ್ಯಳಿಗೂ ಅದೇ ಕಾಯಿಲೆ, ಅದೇ ಕಡೆ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಆರು ಸಲ ಕೀಮೋ ಆಯಿತು, ಗುಣವೂ ಆಯಿತು. ಆದರೆ ನಮ್ಮ ಮಗಳು ಚೈತ್ರ ಮದುವೆಯ ವಯಸ್ಸಿಗೆ ಬಂದಿದ್ದಳು. ತಾಯಿಗೆ ಈ ರೋಗ ಅಂದರೆ ಮಗಳ ಕಡೆಗೂ ಬೆರಳು ತೋರಿಸುತ್ತಾರೆ. ಹಾಗಾಗಿ ನೆಂಟರಿಗೆಲ್ಲ ಗರ್ಭಕೋಶದ ಆಪರೇಷನ್ ಎಂದೆವು. ಕೂದಲು ಉದುರಿದಾಗ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದೆವು ಎಂದೆವು. ನಮ್ಮ ಚಿಕ್ಕಮ್ಮ ಕೈ ಚಾಚಿ "ಮತ್ತೆ ಲಡ್ಡು ಎಲ್ಲೋ?" ಅಂದಾಗ ನಾಳೆ ತಂದುಕೊಡ್ತೀನಿ ಎಂದೆ. ಮಾರನೆಯ ದಿನ ಕಾರ್ಖಾನೆಯಲ್ಲಿ ತಿರುಪತಿಗೆ ಹೋಗಿಬಂದಿದ್ದವನೊಬ್ಬನಿಂದ ಅರ್ಧ ಲಡ್ಡು ಬೇಡಿ ತಂದು ಕೊಟ್ಟೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಇಬ್ಬರೂ ತಪ್ಪು ಕಾಣಿಕೆ ಕಟ್ಟಿಟ್ಟಿದ್ದೇವೆ.

ಏಡಿಯ ಮನೆ

ಬುಧವಾರ ಸಂಜೆ ಇಂಗ್ರಿಡಮ್ಮ ಒಂದು ಕೇಕು ಹೊತ್ತುಕೊಂಡು, ನನ್ನನ್ನೂ ಕರೆದುಕೊಂಡು ಆಸ್ಪತ್ರೆಯ ಪಕ್ಕದ ಒಂದು ಸಣ್ಣ ಮನೆಗೆ ಹೋದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಒಂದು ಪದಕ್ಕೆ ಬೆರಳಿಟ್ಟು ಏನೆಂದು ಕೇಳಿದೆ.

"ಕ್ಯಾನ್ಸರ್. ನಮ್ಮ ಭಾಷೆಯಲ್ಲಿ ಏಡಿಗೂ ಇದೇ ಪದ," ಎಂದರು.

ನಮ್ಮಲ್ಲೂ ಹಿಂದಿನವರು ಏಡಿಗಂತಿ ಅನ್ನುತ್ತಿದ್ದರು. ಚಿಕ್ಕವನಿದ್ದಾಗ ಕೆರೆ ಕೆಳಗಿನ ಗದ್ದೆಯ ಬದುವಿನ ಬಿಲಕ್ಕೆ ಕೈ ಹಾಕಿ ಏಡಿಯಿಂದ ಕಚ್ಚಿಸಿಕೊಂಡವನು ನಾನು. ಎಳೆದಷ್ಟೂ ಬಿಗಿಯುತ್ತದೆ. ಇಷ್ಟು ದೂರದ ಜನಕ್ಕೂ ಅದೇ ಪ್ರಾಣಿ ನೆನಪಾದದ್ದು ನೋಡಿ ಮೈ ಜುಮ್ಮೆಂದಿತು.

ಒಳಗೆ ನಾಲ್ಕು ಸೋಫಾ, ನೀರು ಕಾಯಿಸುವ ಕೆಟಲು, ಕಪಾಟಿನಲ್ಲಿ ಕೂದಲಿನ ಟೋಪನ್ನುಗಳು. ಮೂಲೆಯಲ್ಲಿ ನನ್ನ ವಯಸ್ಸಿನ ಒಬ್ಬ ಗಂಡಸು ಕಾಫಿ ಕುಡಿಯುತ್ತ ಕೂತಿದ್ದ. ಅವನ ಹೆಂಡತಿಗೆ ಪಕ್ಕದ ಆಸ್ಪತ್ರೆಯಲ್ಲಿ ಔಷಧಿ ಏರುತ್ತಿತ್ತಂತೆ.

"ಇಲ್ಲಿ ಅವನಿಗೇನು ಕೊಡುತ್ತಾರೆ?" ಎಂದೆ.

"ಕಾಫಿ. ಮಾತಾಡಬೇಕು ಅನ್ನಿಸಿದರೆ ಯಾರಾದರೂ ಕೂತು ಕೇಳುತ್ತಾರೆ."

"ಅಷ್ಟೇನಾ?"

"ಅಷ್ಟೇ. ಆ ಅಷ್ಟಕ್ಕೇ ನಾವು ವರ್ಷಕ್ಕೊಂದು ಓಟ ಇಟ್ಟು ಹಣ ಕೂಡಿಸುತ್ತೇವೆ."

ಔಷಧಿಗೆ ಹಣ ಕೂಡಿಸುವುದು ನನಗೆ ಅರ್ಥವಾಗುತ್ತದೆ. ಕಾಫಿಗೂ ಮಾತಿಗೂ ಯಾಕೆ ಎಂದು ಮೊದಲು ಅನ್ನಿಸಿತು. ಆದರೆ ಆ ಗಂಡಸನ್ನು ನೋಡುತ್ತ ನೋಡುತ್ತ ನನ್ನದೇ ದಿನಗಳು ನೆನಪಾದವು. ಭಾಗ್ಯ ಒಳಗಿದ್ದಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಪೇಪರ್ ಹಾಸಿಕೊಂಡು ಕೂತಿರುತ್ತಿದ್ದೆ. ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ಒಂದು ಮನುಷ್ಯನ ಧ್ವನಿ ಕೇಳಿದರೆ ಸಾಕಪ್ಪ ಅನ್ನಿಸಿ ಕಾರ್ಖಾನೆಗೆ ಫೋನ್ ಮಾಡಿ, ಕಂಪ್ರೆಸರ್ ಸರಿಯಾಗಿ ಓಡ್ತಾ ಇದೆಯಾ ಎಂದು ವಿಚಾರಿಸುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ. ಪಾಪ, ಶಿಫ್ಟಿನವರು ನನ್ನನ್ನು ಎಷ್ಟು ಬೈದುಕೊಂಡರೋ.

ಮನೆಗೆ ನಡೆದು ಬರುವಾಗ ಇಂಗ್ರಿಡಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಕನ್ನಡದಲ್ಲಿ ನಾಲ್ಕು ವರ್ಷ ಗಂಟಲಿನಲ್ಲೇ ಇದ್ದದ್ದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೊರಗೆ ಬಂತು. ಅವರು ಅಯ್ಯೋ ಪಾಪ ಅನ್ನಲಿಲ್ಲ. ಕೆಂಪು ದೀಪಕ್ಕೆ ನಿಂತರು. ನಾನೂ ನಿಂತೆ.

"ಈಗ ಊಟ ಸರಿಯಾಗಿ ಮಾಡುತ್ತಾರಾ?"

"ಮಾಡ್ತಾಳೆ. ನನಗಿಂತ ಚೆನ್ನಾಗಿ."

"ಒಳ್ಳೆಯದು. ಭಾನುವಾರ ಓಟ. ನೀವೂ ಓಡುತ್ತೀರಿ," ಎಂದರು. ಮೇಷ್ಟರು ಹೋಂವರ್ಕ್ ಕೊಡುವ ಹಾಗಿತ್ತು.

ಶುಕ್ರವಾರ, ಫೋನಿನಲ್ಲಿ

ಆ ಓಟದಲ್ಲಿ ಗೆಲ್ಲುವುದು ಸೋಲುವುದು ಇಲ್ಲ. ಕೆರೆಯನ್ನು ಎಷ್ಟು ಸುತ್ತು ಹಾಕುತ್ತೀರೋ ಅಷ್ಟು ಸಲ, ನಿಮ್ಮ ಪರಿಚಯದವರು ತಾವು ಒಪ್ಪಿಕೊಂಡ ಹಣವನ್ನು ಆ ಮನೆಗೆ ಕೊಡುತ್ತಾರೆ. ಚಂದಾ ಪುಸ್ತಕ ಹಿಡಿದವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವನು ನಾನು. ಈಗ ನಾನೇ ಕಾಗದ ಹಿಡಿದುಕೊಂಡು ಅವರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಿಂತೆ. ಒಬ್ಬರೂ ಬೇಸರಿಸಲಿಲ್ಲ. ಒಬ್ಬ ಮಾತ್ರ ನನ್ನ ಹೊಟ್ಟೆಯನ್ನು ಚೆನ್ನಾಗಿ ನೋಡಿ, ಸುತ್ತಿಗಿಷ್ಟು ಎಂದು ಧೈರ್ಯವಾಗಿ ಎಲ್ಲರಿಗಿಂತ ಹೆಚ್ಚು ಹಣ ಬರೆದ.

ಯಾರಿಗಾಗಿ ಓಡುತ್ತೇವೋ ಅವರ ಹೆಸರನ್ನು ಬಟ್ಟೆಯ ಮೇಲೆ ಬರೆದು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿದೆ. ಅಲ್ಲಿ ಆಗ ಸಾಯಂಕಾಲ.

"ಭಾಗ್ಯಾ, ಇಲ್ಲೊಂದು ಓಟ ಇದೆ ಕಣೇ. ನಾನೂ ಓಡ್ತಾ ಇದೀನಿ."

"ನೀವಾ?" ಅವಳು ನಗತೊಡಗಿದಳು. "ಬಸ್ಸು ಹೊರಟ್ರೂ ಓಡೋರಲ್ಲ ನೀವು. ಹಿಂದ್ಗಡೆ ಇನ್ನೊಂದು ಬರುತ್ತೆ ಬಿಡು ಅನ್ನೋರು!"

ಹೆಸರಿನ ವಿಷಯ ಹೇಳಿ, ನಿನ್ನದು ಬರೆಯಲಾ ಎಂದೆ. ನಗು ನಿಂತಿತು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ರಾಜಘಟ್ಟದೋರು ನೀವು ಬಂದ್ಮೇಲೆ ಮಾತಾಡಕ್ಕೆ ಬರ್ತೀವಿ ಅಂದವ್ರೆ," ಎಂದಳು. ರಾಜಘಟ್ಟದ ಒಬ್ಬ ಹುಡುಗನಿಗೆ ಚೈತ್ರಳನ್ನು ನೋಡಿಹೋಗಿದ್ದರು. ಜಾತಕ ಕೂಡಿತ್ತು, ಹುಡುಗ ಒಪ್ಪಿದ್ದ.

"ಗೊತ್ತು, ಅದಕ್ಕೇ ಕೇಳ್ದೆ. ಬೇಡ ಅಂದ್ರೆ ನಮ್ಮವ್ವನ ಹೆಸ್ರು ಬರ್ಕೋತೀನಿ."

"ಅತ್ತೆಗೇನಾಗಿತ್ತು? ತೊಂಬತ್ತು ವರ್ಷ ಗುಂಡುಕಲ್ಲಿನಂಗಿದ್ದು ಹೋದ್ರು. ಅಷ್ಟು ದೂರ ಹೋಗಿ ಅಲ್ಲೂ ಸುಳ್ಳು ಹೇಳ್ತೀರಾ?" ಒಲೆ ಆರಿಸಿ ಬಂದಳು. "ತಡೀರಿ, ಚೈತ್ರನ್ನೂ ಕೇಳ್ಬೇಕು. ಮದ್ವೆ ಅವ್ಳ್ದು."

ಚೈತ್ರ ಫೋನ್ ತೆಗೆದುಕೊಂಡಳು. ಹೊಸಕೋಟೆಯ ಶಾಲೆಯೊಂದರಲ್ಲಿ ಟೀಚರು ಅವಳು, ಮಾತು ಕಮ್ಮಿ.

"ಬರಿ ಅಪ್ಪಾ. ಫೋಟೋ ಕಳ್ಸು, ಸ್ಟೇಟಸ್‌ಗೆ ಹಾಕ್ತೀನಿ."

"ರಾಜಘಟ್ಟದೋರು ನೋಡ್ತಾರೆ ಕಣಮ್ಮಾ."

"ನೋಡ್ಲಿ."

ಮತ್ತೆ ಭಾಗ್ಯ ಬಂದಳು. "ನಂದೇ ಬರೀರಿ. ದಪ್ಪಕ್ಷರದಲ್ಲಿ ಬರೀರಿ. ಸತ್ತೋರ ಹೆಸ್ರುಗಳೇ ಓಡ್ತಿರ್ತವೇನೋ ಅಲ್ಲಿ. ಬದ್ಕಿರೋಳ್ದೂ ಒಂದಿರ್ಲಿ."

ಓಟದ ಭಾನುವಾರ

ನನ್ನ ಹತ್ತಿರ ಇದ್ದದ್ದು ಆಫೀಸಿನ ಚರ್ಮದ ಶೂ, ಕಬ್ಬಿಣದ ಮೂತಿಯ ಕಾರ್ಖಾನೆ ಶೂ, ಎರಡೇ. ಇಂಗ್ರಿಡಮ್ಮ ತಮ್ಮ ಹಳೆಯ ಓಟದ ಶೂ ತಂದರು. ಪಾದ ಸರಿಯಾಗಿ ಕೂತಿತು. ಬಣ್ಣ ಮಾತ್ರ ನೇರಳೆ, ಲಾಡಿ ಗುಲಾಬಿ. ಬೆನ್ನಿನ ಬಟ್ಟೆಯ ಮೇಲೆ ನಾನು ಕನ್ನಡದಲ್ಲಿ "ಭಾಗ್ಯ" ಎಂದು ಬರೆದೆ. ಅವರು ಕೆಳಗೆ ತಮ್ಮ ಭಾಷೆಯಲ್ಲೂ ಬರೆದರು.

ಕೆರೆ ದಡದಲ್ಲಿ ಅಜ್ಜಂದಿರ ವಾಲಗವೊಂದು ಕಹಳೆ ಊದುತ್ತಿತ್ತು. ಉದ್ದ ಮೇಜಿನ ಮೇಲೆ ಕೇಕುಗಳು. ಬೇಡ ಅಂದರೆ ನೊಂದುಕೊಳ್ಳುತ್ತಾರೇನೋ ಎಂದು ಮೂರು ಬಗೆ ತಿಂದೆ. ಅದೇ ತಪ್ಪಾಯಿತು. ಮೊದಲ ಸುತ್ತನ್ನು ಎಲ್ಲರ ಜೊತೆ ಹುರುಪಿನಿಂದ ಓಡಿದೆ. ಸುತ್ತು ಮುಗಿಸಿದ ಕಡೆ ಒಬ್ಬ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ. ಸುತ್ತಿಗೊಂದರಂತೆ ಕೈಗೆ ರಬ್ಬರ್ ಬ್ಯಾಂಡ್ ತೊಡಿಸುವುದು ಅವನ ಕೆಲಸ. ಲೆಕ್ಕಕ್ಕೆ ಅದೇ ಗುರುತು. ಎರಡನೆಯ ಸುತ್ತಿಗೆ ಪಕ್ಕೆ ಹಿಡಿದುಕೊಂಡಿತು. ಬಗ್ಗಿ ನಿಂತಿದ್ದಾಗ ಇಂಗ್ರಿಡಮ್ಮ ಎರಡು ಕೋಲು ಊರಿಕೊಂಡು ಟಕ ಟಕ ಎಂದು ನನ್ನನ್ನು ದಾಟಿ ಹೋದರು.

"ನಿಧಾನ, ಸ್ವಾಮಿ," ಎಂದರು. ನಾರಾಯಣಸ್ವಾಮಿ ಎಂಬ ನನ್ನ ಹೆಸರಿನಲ್ಲಿ ಅವರಿಗೆ ಬರುತ್ತಿದ್ದದ್ದು ಅಷ್ಟೇ.

ಹಿಂದುಳಿದವನಿಗೆ ಒಂದು ಅನುಕೂಲ, ಎಲ್ಲರ ಬೆನ್ನೂ ಓದಬಹುದು. ನನಗೆ ಭಾಷೆ ಬಾರದಿದ್ದರೂ ಹೆಸರುಗಳು ತಿಳಿಯುತ್ತಿದ್ದವು. ಒಬ್ಬನ ಬೆನ್ನಿಗೆ ನಾಲ್ಕು ಹೆಸರು. ತಲೆಗೆ ಬಟ್ಟೆ ಕಟ್ಟಿದ್ದ ಹುಡುಗಿಯೊಬ್ಬಳ ಬೆನ್ನಿನಲ್ಲಿ ಹೆಸರೇ ಇರಲಿಲ್ಲ, ಎರಡು ಚಿಕ್ಕ ಪದ ಇದ್ದವು. ಏನದು ಎಂದು ಆಮೇಲೆ ಇಂಗ್ರಿಡಮ್ಮನನ್ನು ಕೇಳಿದೆ. "ನನಗಾಗಿಯೇ" ಎಂದಿತ್ತಂತೆ.

ದಡದಲ್ಲಿ ನಿಂತವರು ನನ್ನ ಬೆನ್ನಿನ ಹೆಸರು ಓದಿ, ಅದು ನನ್ನದೇ ಹೆಸರು ಅಂದುಕೊಂಡು ಹುರಿದುಂಬಿಸಿ ಕೂಗತೊಡಗಿದರು. "ಹೊಪ್ಪ್ ಹೊಪ್ಪ್, ಬಾಗ್ಯಾ! ಹೊಪ್ಪ್ ಹೊಪ್ಪ್, ಬಾಗ್ಯಾ!" ನಾಲ್ಕು ವರ್ಷ ನಾವು ಪಿಸುಮಾತಿನಲ್ಲಿ ಮುಚ್ಚಿಟ್ಟದ್ದನ್ನು ಗುರುತಿಲ್ಲದ ಊರಿನವರು ಗಂಟಲು ಕಿತ್ತುಹೋಗುವ ಹಾಗೆ ಕೂಗುತ್ತಿದ್ದರು. ನನಗೆ ಅಳು ಬಂತು. ಜಿಟಿ ಜಿಟಿ ಮಳೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮೂರು ಸುತ್ತು ಎಂದು ಮೊದಲೇ ಅಂದುಕೊಂಡಿದ್ದೆ. ಮೂರನೆಯ ಬ್ಯಾಂಡು ಕೈಗೇರಿದಾಗ ಹುಲ್ಲಿನ ಮೇಲೆ ಕೂತುಬಿಟ್ಟೆ. ಭಾಗ್ಯಳೂ ಮೂರನೆಯ ಕೀಮೋ ಮುಗಿದ ದಿನ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ "ಸಾಕು ರೀ, ಇನ್ನು ನನ್ ಕೈಲಿ ಆಗಲ್ಲ" ಅಂದಿದ್ದಳು. ಮುಂದಿನ ಸಲ ಹೇಗೆ ಕರೆದುಕೊಂಡು ಹೋಗುವುದೋ ಎಂದು ನಾನು ಹೆದರಿದ್ದೆ. ನಾಲ್ಕನೆಯ ಕೀಮೋದ ದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಸೀರೆ ಉಟ್ಟು, ರಿಪೋರ್ಟಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಎದ್ದೆ. ಇನ್ನು ಮೂರು ಸುತ್ತು ನಡೆದೆನೋ ಓಡಿದೆನೋ ಹೇಳಲಾರೆ. ಐದನೆಯದಕ್ಕೆ ವಾಲಗದವರು ಪೆಟ್ಟಿಗೆ ಕಟ್ಟುತ್ತಿದ್ದರು. ಆರನೆಯದಕ್ಕೆ ಕೆರೆ ಏರಿಯ ಮೇಲೆ ನಾನೊಬ್ಬನೇ. ಕೊನೆಗೆ ಬಂದು ನೋಡಿದರೆ ಆ ಮುದುಕ ಕುರ್ಚಿಯನ್ನು ಕಾರಿಗೆ ಹಾಕಿ, ಕೈಯಲ್ಲಿ ಒಂದೇ ಒಂದು ರಬ್ಬರ್ ಬ್ಯಾಂಡ್ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದ. ಅದನ್ನು ತೊಡಿಸಿ, ನನ್ನ ಕೈ ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡ.

ಇಂಗ್ರಿಡಮ್ಮ ಹಿಂದಿನಿಂದ ಫೋಟೋ ತೆಗೆದಿದ್ದರು. ಮನೆಗೆ ಕಳಿಸಿದೆ. ಗಂಟೆಯೊಳಗೆ ಚೈತ್ರಳ ಸ್ಟೇಟಸ್ಸಿನಲ್ಲಿ ಅದು ಬಂತು. ಕೆಳಗೆ ಬರೆದಿದ್ದಳು: "ನಮ್ಮಪ್ಪ, ನಮ್ಮಮ್ಮನಿಗೋಸ್ಕರ. ನಮ್ಮಮ್ಮ ಕ್ಯಾನ್ಸರ್ ಗೆದ್ದೋಳು."

ಹೊರಡುವ ದಿನ

ಮಾರನೆಯ ದಿನದಿಂದ ಕಾಲುನೋವಿಗೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಯಿತು. ಕಾರ್ಖಾನೆಯಲ್ಲಿ ನನ್ನ ಹೊಟ್ಟೆ ನೋಡಿ ಬರೆದವನು ಆರು ಎಂಬ ಸಂಖ್ಯೆ ಕೇಳಿ ಹಣೆ ಚಚ್ಚಿಕೊಂಡ. ಆಮೇಲೆ ಎದ್ದು ಬಂದು ತಬ್ಬಿಕೊಂಡ.

ಹೊರಡುವಾಗ ಶೂ ತೊಳೆದು ಒಣಗಿಸಿ ಕೊಟ್ಟೆ. "ಇಲ್ಲೇ ಇರಲಿ. ಮುಂದಿನ ವರ್ಷ ಯಾರು ಬಾಡಿಗೆಗೆ ಬರುತ್ತಾರೋ," ಎಂದರು ಇಂಗ್ರಿಡಮ್ಮ. ಏನು ಹೇಳಿದರೂ ಕಡಿಮೆ ಅನ್ನಿಸಿ, ಬಾಗಿ ಅವರ ಪಾದ ಮುಟ್ಟಿದೆ. ಏನೋ ಬಿತ್ತು ಅಂದುಕೊಂಡು ಅವರೂ ಬಗ್ಗಿ ನನ್ನ ಜೊತೆ ನೆಲದಲ್ಲಿ ಹುಡುಕತೊಡಗಿದರು. ಇದು ನಮ್ಮಲ್ಲಿ ನಮಸ್ಕಾರ ಎಂದು ತಿಳಿಸಿದ ಮೇಲೆ ಅವರ ಎರಡೂ ಕೆನ್ನೆ ಕೆಂಪಾದವು. ಎತ್ತಲಾಗದ ಆ ತೋಳನ್ನು ಎಷ್ಟು ಆಗುತ್ತದೋ ಅಷ್ಟು ಎತ್ತಿ ನನ್ನ ತಲೆ ಮುಟ್ಟಿದರು.

ಮನೆ

ರಾಜಘಟ್ಟದವರು ಬರಲಿಲ್ಲ. ನಾನು ಬಂದ ಮೂರನೆಯ ದಿನ ಹುಡುಗನ ಸೋದರಮಾವ ಫೋನ್ ಮಾಡಿದರು. "ಜಾತಕ ಇನ್ನೊಂದ್ ಕಡೆ ತೋರಿಸ್ದೋ ಸ್ವಾಮಣ್ಣ. ಯಾಕೋ ಕೂಡ್ತಾ ಇಲ್ಲ."

ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ನಾಲ್ಕು ವರ್ಷದ ಹಿಂದೆ ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅನ್ನ ಸೇರಲಿಲ್ಲ. ಮಗಳ ಮುಖ ನೋಡಲು ಆಗದೆ ಎರಡು ದಿನ ಹೊಲದ ಕಡೆ ತಿರುಗಿದೆ. ಚೈತ್ರಳೇ ಬಂದು ಪಕ್ಕದಲ್ಲಿ ಕೂತಳು.

"ಮದ್ವೆ ಆದ್ಮೇಲೆ ಗೊತ್ತಾಗಿದ್ರೆ ಏನಪ್ಪಾ ಮಾಡ್ತಿದ್ದೆ? ಅಮ್ಮ ಅವ್ರ ಮನೆಗೆ ಬಂದಾಗೆಲ್ಲ ತಲೆ ತಗ್ಗಿಸ್ಕೊಂಡು ಕೂರ್ಬೇಕಿತ್ತು. ಅಂಥ ಮನೆ ನಂಗೆ ಬೇಡ," ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಮುನಿರತ್ನಮ್ಮ ಸೀಬೆಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

"ಸಾರ್, ಅಕ್ಕಾರಿದ್ದಾರಾ?" ಎಂದರು. ನಾನು ಕೂರಿ ಎಂದರೂ ಕೂರಲಿಲ್ಲ. "ಫೋನಲ್ಲಿ ಎಲ್ರೂ ಫೋಟೋ ನೋಡ್ತಿದ್ರು ಸಾರ್. ನಾನೂ ನೋಡ್ದೆ."

ಭಾಗ್ಯ ಅವರನ್ನು ಒಮ್ಮೆ ನೋಡಿದಳು. ಏನೂ ಕೇಳದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ಮಾತು ಕೇಳಿಸಿತು, ಒಮ್ಮೆ ಅಳು, ಒಮ್ಮೆ ಭಾಗ್ಯಳ ನಗು. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವು.

"ರೀ, ನಾಳೆ ಇವ್ರಿಗೆ ರಜ ಕೊಡ್ಸಿ, ಆಸ್ಪತ್ರೆಗೆ ತೋರಿಸ್ಬೇಕು," ಎಂದಳು ಭಾಗ್ಯ.

"ಕೊಡಿಸ್ತೀನಿ. ನಾನೂ ರಜ ಹಾಕಿ ಬರ್ತೀನಿ, ಆಸ್ಪತ್ರೆ ನಂಗೆ ಗೊತ್ತಲ್ಲ."

"ನೀವ್ ಬಂದ್ರೆ ಇವ್ರು ಡಾಕ್ಟ್ರ ಮುಂದೆ ಬಾಯೇ ಬಿಡಲ್ಲ. ನಾನು ಕರ್ಕೊಂಡೋಗ್ತೀನಿ."

ಮಾರನೆಯ ದಿನ ಬೆಳಿಗ್ಗೆ ಆರೂವರೆ ಬಸ್ಸಿಗೆ ಇಬ್ಬರೂ ಹೋದರು. ನಾನು ಕಾರ್ಖಾನೆಯಲ್ಲಿ ಹೊಸ ಮೆಷಿನ್ನಿನ ಮುಂದೆ ನಿಂತಿದ್ದರೂ ಜೇಬಿನ ಫೋನಿನ ಮೇಲೇ ಕೈ. ನಾಲ್ಕು ವರ್ಷದ ಹಿಂದೆ ಭಾಗ್ಯ ಎದೆಯ ಗಂಟನ್ನು ಎಂಟು ತಿಂಗಳು ಯಾರಿಗೂ ಹೇಳದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ರಿಪೋರ್ಟು ನೋಡಿದ ಡಾಕ್ಟರು ಮೊದಲು ಅಂದ ಮಾತು, ಯಾಕಮ್ಮ ಇಷ್ಟು ತಡ ಮಾಡಿದಿರಿ ಎಂದು.

ಆ ದಿನ ಮುನಿರತ್ನಮ್ಮನಿಗೆ ಪರೀಕ್ಷೆಗಳಾದವು. ರಿಪೋರ್ಟಿಗೆ ನಾಲ್ಕು ದಿನ ಕಾಯಬೇಕಾಯಿತು. ಮತ್ತೆ ಇಬ್ಬರೇ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು.

"ಕಾಯಿಲೆ ಅದೇ ರೀ," ಎಂದಳು ಭಾಗ್ಯ. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಅವಳ ಧ್ವನಿಯಲ್ಲಿ ಮಾತ್ರ ಅಳುಕಿರಲಿಲ್ಲ. "ಆದ್ರೆ ಡಾಕ್ಟ್ರು ಏನಂದ್ರು ಗೊತ್ತಾ? ಬೇಗ ಬಂದಿದೀರಮ್ಮ, ಅಂದ್ರು."